ಸೌಂಡೂ ಇಲ್ಲ, ನೆಟ್ಟೂ ಇಲ್ಲ

ಕಡೂರಿನಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಇನ್ನು ಇಂಥದ್ದು ಆಗಲಿಕ್ಕಿಲ್ಲ ಅಂತ ಪ್ರತಿ ವರ್ಷವೂ ಅಂದುಕೊಳ್ಳುತ್ತೇನೆ. ಅಂದುಕೊಂಡ ವಾರವೇ ಆಗುತ್ತದೆ.

ಮನೆಗೆ ಬೇಕು ಅಂತ ಬಂದವರಿಗೆ ಒಂದೊಂದೇ ಸಾಮಾನು ತರಿಸಿ, ಜೋಡಿಸಿ, ಅಂಗಡಿಯಲ್ಲೇ ಒಂದು ಹಾಡು ಹಾಕಿ ಕೇಳಿಸಿ, ನೆಟ್ ಹಿಡಿಯುತ್ತದೆ ಅಂತ ತೋರಿಸಿ, ಥರ್ಮಾಕೋಲ್ ಕಟ್ಟಿ ಕಳಿಸುತ್ತೇನೆ. ಅದು ಊರು ಮುಟ್ಟಿದ ಮರುದಿನ ಫೋನು. ಅರ್ಧ ಜನ ಸೌಂಡ್ ಬರ್ತಿಲ್ಲ ಅನ್ನುತ್ತಾರೆ, ಇನ್ನರ್ಧ ಜನ ನೆಟ್ ಸಿಗ್ತಿಲ್ಲ ಅನ್ನುತ್ತಾರೆ. ಫೋನಿನಲ್ಲಿ ಹೇಳಿದರೆ ಯಾರಿಗೂ ಸಮಾಧಾನವಿಲ್ಲ. ಬ್ಯಾಗು ಹಿಡಿದು ತರೀಕೆರೆ ಬಸ್ಸನ್ನೋ ಅಜ್ಜಂಪುರದ ರೈಲನ್ನೋ ಹತ್ತಬೇಕು. ಹೋಗಿ ನೋಡಿದರೆ, ಕೆಟ್ಟಿರುವುದು ಕಂಪ್ಯೂಟರೇ ಆಗಿರುವುದು ಬಹಳ ಅಪರೂಪ.

ಯಜಮಾನ್ರು ಬರ್ಲಿ

ಒಂದು ಮಧ್ಯಾಹ್ನ ಬೀರೂರು ಕಡೆಯವರೊಬ್ಬರು ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಸಿಪಿಯು ತಂದು ಟೇಬಲ್ ಮೇಲಿಟ್ಟರು. ನಾವೇ ಜೋಡಿಸಿ ಕೊಟ್ಟದ್ದು, ಹದಿನೈದು ದಿನದ ಹಿಂದೆ ಅವರ ತಮ್ಮ ಬಂದು ಒಯ್ದಿದ್ದ. ಅಂಗಡಿಯೊಳಗೆಲ್ಲ ಒಂದು ಸಲ ಕಣ್ಣಾಡಿಸಿ ಕೇಳಿದರು, "ಯಜಮಾನ್ರು ಇಲ್ವಾಮ್ಮಾ?"

"ಸ್ಕೂಲಿಗೆ ಹೋಗಿದಾರೆ. ಏನಾಗಿದೆ ಹೇಳಿ."

"ಅವ್ರು ಬರ್ಲಿ, ಹೇಳ್ತೀನಿ."

"ನನಗೇ ಹೇಳಿ, ನೋಡ್ತೀನಿ."

"ಸೌಂಡ್ ಬರ್ತಿಲ್ಲ. ಅದೆಲ್ಲ ಟೆಕ್ನಿಕಲ್ಲು ಕಣಮ್ಮಾ, ನಿಮಗೆ ಯಾಕೆ ತೊಂದ್ರೆ" ಅಂದು ಬೆಂಚಿನ ಮೇಲೆ ಕೂತುಬಿಟ್ಟರು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಕಂಪ್ಯೂಟರಿನ ವಿಷಯದಲ್ಲಿ ಅವರಿಗೆ ಗೊತ್ತಿರುವುದು ಆನ್ ಮಾಡುವ ಗುಂಡಿಯೊಂದೇ. ಅದನ್ನೂ ಕೆಲವು ಸಲ ಇನ್ನೊಂದು ಸಾರಿ ಒತ್ತಿ ಆಫ್ ಮಾಡಿಬಿಡುತ್ತಾರೆ. ಇದನ್ನೆಲ್ಲ ವಿವರಿಸುವ ಶಕ್ತಿ ನನಗೆ ಆ ಹೊತ್ತಿಗೆ ಇರಲಿಲ್ಲ. ಬಂದವರು ಟೀ ಕುಡಿಯಲು ಎದ್ದು ಹೋದಾಗ ಬೆಡ್‌ಶೀಟು ಬಿಚ್ಚಿ ನೋಡಿದೆ. ಸಾಗಿಸುವಾಗ ಅಲುಗಾಡಿ ಒಳಗಿನ ಒಂದು ಸಣ್ಣ ವೈರು ಕಳಚಿಕೊಂಡಿತ್ತು. ಸಿಕ್ಕಿಸಿದೆ. ಹಾಡು ಬಂತು.

ಅವರು ವಾಪಸ್ ಬಂದು ಹಾಡನ್ನು ಪೂರ್ತಿ ಕೇಳಿದರು. ತಲೆಯಾಡಿಸಿದರು. ಮತ್ತೆ ಬೆಂಚಿನ ಮೇಲೆ ಕೂತರು.

"ರೆಡಿ ಆಯ್ತಲ್ಲ, ತಗೊಂಡು ಹೋಗ್ಬಹುದು" ಅಂದೆ.

"ಆಯ್ತು, ಸರಿ. ಯಜಮಾನ್ರು ಬಂದು ಒಂದ್ಸಲ ನೋಡ್ಬಿಡ್ಲಿ."

ನಾಲ್ಕೂವರೆಗೆ ಯಜಮಾನರು ಬಂದರು. ಚಪ್ಪಲಿ ಬಿಡುವ ಮೊದಲೇ ಇವರು ಎದ್ದು ನಮಸ್ಕಾರ ಮಾಡಿ ಸಿಪಿಯು ತೋರಿಸಿದರು. ಯಜಮಾನರು ನನ್ನ ಮುಖ ನೋಡಿದರು. ನಾನು ಹೂಂ ಅಂತ ಕಣ್ಣಲ್ಲೇ ಹೇಳಿದೆ. ಅವರು ಆ ಡಬ್ಬದ ಮೇಲೆ ಕೈಯಿಟ್ಟು, ಒಂದು ಕ್ಷಣ ಬಿಟ್ಟು, "ಸರಿಯಾಗಿದೆ" ಅಂದರು.

ಬೀರೂರಿನವರು ಬೆಡ್‌ಶೀಟು ಸುತ್ತುತ್ತಾ ನನ್ನ ಕಡೆ ತಿರುಗಿ ಹೇಳಿದರು, "ನೋಡಿದ್ರಾ ಅಮ್ಮಾ, ಅನುಭವ ಅಂದ್ರೆ ಇದು. ಬಿಚ್ಚೋದೂ ಬೇಕಾಗ್ಲಿಲ್ಲ."

ಬೀರುವಿನೊಳಗೆ

ಚೌಳಹಿರಿಯೂರಿನ ಆಚೆ ತೋಟದ ಮನೆಯ ಯಜಮಾನರು ಸೊಸೆ ದೂರಶಿಕ್ಷಣದಲ್ಲಿ ಎಂ.ಎ. ಓದುತ್ತಾಳೆ ಅಂತ ಕಂಪ್ಯೂಟರ್ ಮಾಡಿಸಿಕೊಂಡು ಹೋದರು. ಅದರ ಜೊತೆಗೇ ಮನೆಗೆ ವೈರ್ ಎಳೆಸಿ ನೆಟ್ಟೂ ಹಾಕಿಸಿದರು. ಎರಡನೇ ದಿನ ಫೋನು. "ನೆಟ್ ಐತೆ ಅಂತ ತೋರಿಸ್ತದೆ, ಆದ್ರೆ ಪಾಠ ಓಡಲ್ಲ. ಮೇಷ್ಟ್ರು ಬಾಯಿ ತೆಗೆದ್ರೆ ತೆಗೆದಂಗೇ ಇರ್ತಾರೆ."

ಹೋದೆ. ಸಿಗ್ನಲ್ಲಿನ ಗೆರೆ ಒಂದೇ ಒಂದು ಇತ್ತು, ಅದೂ ಬಂದು ಬಂದು ಹೋಗುತ್ತಿತ್ತು. ನಾನೇ ಹಾಕಿದ ವೈಫೈ ಕಾರ್ಡು ಸರಿಯಿಲ್ಲವೇನೋ ಅಂತ ಬಿಚ್ಚಿದೆ, ಬೇರೆ ಹಾಕಿದೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಆಂಟೆನಾ ಆ ಕಡೆ ಈ ಕಡೆ ತಿರುಗಿಸಿದೆ. ಎರಡೂವರೆ ತಾಸಾಯಿತು. ಮೇಷ್ಟ್ರು ಬಾಯಿ ತೆಗೆದೇ ಇದ್ದರು. ಸೊಸೆ ಮೂರು ಸಲ ಮಜ್ಜಿಗೆ ಕೊಟ್ಟಳು. ಕೊನೆಗೆ, ಮೊದಲೇ ಕೇಳಬೇಕಾಗಿದ್ದ ಮಾತು ಕೇಳಿದೆ. "ನೆಟ್ಟಿನ ಡಬ್ಬ ಎಲ್ಲಿಟ್ಟಿದೀರಿ?"

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಯಜಮಾನರ ಮುಖ ನೋಡಿದರು. ಯಜಮಾನರು ಎದ್ದು ಹೋಗಿ ನಡುಮನೆಯ ಬಾಗಿಲು ಮುಂದೆ ಮಾಡಿ, ಉಡಿದಾರದಲ್ಲಿದ್ದ ಬೀಗದ ಕೈ ತೆಗೆದು, ಮೂಲೆಯಲ್ಲಿದ್ದ ಕಬ್ಬಿಣದ ಬೀರು ತೆರೆದರು. ಒಳಗೆ ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಪಕ್ಕ, ನೆಟ್ಟಿನ ಡಬ್ಬ ಹಸಿರು ದೀಪ ಮಿನುಗಿಸುತ್ತಾ ಕೂತಿತ್ತು. ವೈರು ಬರಲು ಬೀರುವಿನ ಬೆನ್ನಿಗೆ ಡ್ರಿಲ್ ಹೊಡೆಸಿ ತೂತು ಮಾಡಿಸಿದ್ದರು.

"ತೋಟದ ಮನೆ ಕಣಮ್ಮಾ, ಹಗಲೊತ್ತು ಯಾರ್ಯಾರೋ ಬತ್ತಾರೆ ಹೋಗ್ತಾರೆ. ಬೆಲೆ ಬಾಳೋ ಸಾಮಾನು ಹೊರಗಿಡಕ್ಕಾಗ್ತದಾ" ಅಂದರು.

ಕಬ್ಬಿಣದೊಳಗಿನಿಂದ ಸಿಗ್ನಲ್ ಆಚೆ ಬರುವುದಿಲ್ಲ, ಡಬ್ಬ ಹೊರಗಿರಬೇಕು ಅಂತ ಬಿಡಿಸಿ ಹೇಳಿದೆ. ಗಮನವಿಟ್ಟು ಕೇಳಿದರು. ಬೀರು ತೆರೆದಿದ್ದಾಗಲೇ ಕಂಪ್ಯೂಟರಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಗೆರೆಗಳು ತುಂಬಿದ್ದವು, ಮೇಷ್ಟ್ರು ಪಾಠ ಮಾಡುತ್ತಿದ್ದರು. ಯಜಮಾನರಿಗೆ ಅರ್ಥವಾಯಿತು.

ಹತ್ತು ದಿನ ಬಿಟ್ಟು ನಾನೇ ಫೋನ್ ಮಾಡಿ, ನೆಟ್ ಹೇಗಿದೆ ಅಂತ ವಿಚಾರಿಸಿದೆ.

"ನೆಟ್ ಭಾಳ ಚೆನ್ನಾಗೈತೆ. ಆದ್ರೆ ನಾನು ಎತ್ಲಾಗೂ ಹೋಗಂಗಿಲ್ಲ ಕಣಮ್ಮಾ."

"ಯಾಕೆ?"

"ಸೊಸೆ ಪಾಠ ಮುಗಿಯೋ ತನಕ ಬೀರು ಬಾಗ್ಲು ತೆಗೆದಿರ್ತದಲ್ಲ. ಮುಂದ್ಗಡೆ ಕುರ್ಚಿ ಹಾಕ್ಕೊಂಡು ನಾನೇ ಕೂತಿರ್ತೀನಿ."

ಮೂರು ತೂತು

ಇದು ಕಡೂರಿನಲ್ಲೇ, ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ. ಅಂಚೆ ಕಚೇರಿಯಿಂದ ನಿವೃತ್ತರಾದವರು ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಕಂಪ್ಯೂಟರ್ ಒಯ್ದರು. ವಿಜಯದಶಮಿ ಕಳೆದ ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವರೇ ನಿಂತಿದ್ದರು. "ಹಬ್ಬದ ದಿನ ಬೆಳಗ್ಗೆ ತನಕ ಹಾಡ್ತಿತ್ತು. ಪೂಜೆ ಆದ್ಮೇಲೆ ಉಸಿರೇ ಇಲ್ಲ."

ಹೋಗಿ ಟಾರ್ಚ್ ಬಿಟ್ಟು ಹಿಂಭಾಗ ನೋಡಿದೆ. ಸ್ಪೀಕರಿಗೆ, ಮೈಕಿಗೆ ಅಂತ ಹಸಿರು, ಗುಲಾಬಿ, ನೀಲಿ ಬಣ್ಣದ ಮೂರು ತೂತುಗಳು ಸಾಲಾಗಿರುತ್ತವೆ. ಒಂದರ ತುಂಬ ಅರಿಶಿನ, ಒಂದರ ತುಂಬ ಕುಂಕುಮ, ಇನ್ನೊಂದರ ತುಂಬ ಗಂಧ. ಗಂಧ ಒಣಗಿ ಗಟ್ಟಿಯಾಗಿತ್ತು. ಸ್ಪೀಕರಿನ ವೈರು ಪಕ್ಕದಲ್ಲಿ ನೇತಾಡುತ್ತಿತ್ತು. ಒಳಗೆ ಹೋಗಲಿಲ್ಲವಂತೆ.

ಅವರ ಹೆಂಡತಿಯನ್ನು ಕೇಳಿದೆ, "ಅಮ್ಮಾ, ಇದರೊಳಗೆ ಯಾಕೆ ಹಾಕಿದ್ರಿ?"

"ಇನ್ನೆಲ್ಲಿ ಹಾಕ್ಲಿ ಹೇಳು. ಮುಂದೆ ನೋಡಿದ್ರೆ ಬರೀ ಗ್ಲಾಸು, ನೀರಲ್ಲಿ ಕಲಸಿದ್ದು ನಿಲ್ಲಲ್ಲ, ಜಾರ್ತದೆ. ಹಿಂದೆ ನೋಡಿದೆ. ಮೂರು ಗುಂಡಿ ಸಾಲಾಗಿ, ಬಣ್ಣ ಬಣ್ಣವಾಗಿ ಇದ್ವು. ಕಂಪನಿಯವ್ರೇ ಪೂಜೆಗೆ ಅಂತ ಮಾಡಿಟ್ಟಿದಾರೆ ಅಂದ್ಕೊಂಡೆ."

ನಿವೃತ್ತರು ಗೋಡೆ ನೋಡುತ್ತಾ ನಿಂತಿದ್ದರು. ನಾನು ಊದುಬತ್ತಿಯ ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಕೂತು ಮುಕ್ಕಾಲು ಗಂಟೆ ಕೆರೆದೆ. ಅರಿಶಿನ ಕುಂಕುಮ ಬಂತು. ಗಂಧ ಬರಲಿಲ್ಲ. ಅದೃಷ್ಟಕ್ಕೆ ಅದು ನೀಲಿ ತೂತು, ಯಾರೂ ಬಳಸುವುದಿಲ್ಲ. ಹಾಗೇ ಬಿಟ್ಟೆ. ಹಾಡು ಬಂತು, ಆಕೆ ನನಗೂ ಕುಂಕುಮ ಕೊಟ್ಟು ಕಳಿಸಿದರು.

ಮರುವರ್ಷ ಆಯುಧಪೂಜೆಯ ದಿನ ಬೆಳಗ್ಗೆ ಆರೂವರೆಗೆ ಫೋನು. "ನಿನ್ನ ಕೇಳ್ದೇ ಏನೂ ಮಾಡಬಾರ್ದು ಅಂತ ನಮ್ಮೆಜಮಾನ್ರು ಹೇಳಿದಾರೆ. ಮಡೀಲಿದೀನಿ, ಬೇಗ ಹೇಳ್ಬಿಡು. ಈ ಸಲ ಬೇಡದೇ ಇರೋ ತೂತು ಯಾವ್ದು?"

ಹೋಳಿಗೆಯ ಹದ

ತರೀಕೆರೆಯಲ್ಲಿ ಒಂದು ಮನೆ. ಮೊದಲು ಒಂದೇ ಇತ್ತು, ಅಣ್ಣತಮ್ಮಂದಿರು ಪಾಲಾಗಿ ನಡುವೆ ಗೋಡೆ ಎಬ್ಬಿಸಿದ ಮೇಲೆ ಎರಡಾಯಿತು. ವಾರಗಿತ್ತಿಯರು ಮಾತು ಬಿಟ್ಟು ಆರು ವರ್ಷ. ಕಿರಿಯವಳ ಮನೆಗೆ ನಾನು ಕಂಪ್ಯೂಟರ್ ಕೊಟ್ಟಿದ್ದೆ. ವಾರದೊಳಗೆ ಫೋನು, ಸೌಂಡ್ ಬರ್ತಿಲ್ಲ.

ಹೋದಾಗ ಅವಳು ಹೋಳಿಗೆ ಮಾಡುವ ವಿಡಿಯೋ ಹಾಕಿಕೊಂಡಿದ್ದಳು. ಚಿತ್ರ ಓಡುತ್ತಿತ್ತು, ಮಾತಿಲ್ಲ. ನಾನು ಸೌಂಡ್ ಪೂರ್ತಿ ಏರಿಸಿದೆ. ಏನೂ ಇಲ್ಲ. ಆದರೆ ಗೋಡೆಯ ಆಚೆಯಿಂದ ಸಣ್ಣಗೆ ಕೇಳಿಸಿತು, "ಈಗ ಬೇಳೆಯನ್ನು ಬಸಿದುಕೊಳ್ಳಿ." ಸೌಂಡ್ ಇಳಿಸಿದೆ, ಅದೂ ಇಳಿಯಿತು.

ಪಕ್ಕದ ಮನೆಗೆ ಹೋದೆ. ಹಿರಿಯವರು ಅಡುಗೆಮನೆಯಲ್ಲಿ ಕಣಕ ನಾದುತ್ತಿದ್ದರು. ಬೆಳಗಿನ ದೇವರ ಹಾಡಿಗೆ ಅಂತ ತಂದ ಬ್ಲೂಟೂತ್ ಸ್ಪೀಕರು ಉಪ್ಪಿನ ಜಾಡಿಯ ಪಕ್ಕ ಕೂತು ಹೋಳಿಗೆ ಹೇಳಿಕೊಡುತ್ತಿತ್ತು. ಕಿರಿಯವಳ ಗಂಡ ಸ್ಪೀಕರ್ ಜೋಡಿಸುವಾಗ ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಒತ್ತಿದ್ದ. ಅದು ಅತ್ತಿಗೆಯದು.

"ಯಾರೋ ಪುಣ್ಯಾತ್ಗಿತ್ತಿ ಕಣಮ್ಮಾ" ಅಂದರು ಹಿರಿಯವರು. "ದಿನಾ ಹನ್ನೊಂದು ಗಂಟೆಗೆ ಬಂದು ಒಂದೊಂದು ಅಡಿಗೆ ಹೇಳ್ಕೊಡ್ತಾಳೆ. ನಿನ್ನೆ ಮಜ್ಜಿಗೆಹುಳಿ ಹೇಳಿದ್ಲು. ನಮ್ಮನೆಯವ್ರು ಎರಡು ಸಲ ಹಾಕಿಸ್ಕೊಂಡ್ರು."

ಇದು ಪಕ್ಕದ ಮನೆಯ ಕಂಪ್ಯೂಟರಿನ ಸೌಂಡು ಅಂತ ಹೇಳಿದೆ. ಅವರ ಮುಖ ಗಂಟಾಯಿತು. "ಹಂಗಾದ್ರೆ ಬೇಡ. ಈಗ್ಲೇ ತೆಗೀರಿ."

ಈ ಮನೆಗೆ ಬಂದು ತೆಗೆದೆ, ಕಿರಿಯವಳ ಸ್ಪೀಕರನ್ನೇ ಜೋಡಿಸಿದೆ. ಹೋಳಿಗೆ ಇಲ್ಲಿ ಮಾತಾಡತೊಡಗಿತು. ಬ್ಯಾಗು ಮುಚ್ಚುತ್ತಿದ್ದೆ, ಆಚೆ ಕಿಟಕಿಯಿಂದ ಹಿರಿಯವರ ದನಿ. "ರಿಪೇರಿಯಮ್ಮಾ, ಕಣಕ ಎಷ್ಟೊತ್ತು ನೆನೀಬೇಕು ಅಂತ ಹೇಳಿದ್ಲಾ, ಸ್ವಲ್ಪ ಕೇಳಿ ಹೇಳಿ. ಅರ್ಧಕ್ಕೆ ನಿಂತೋಯ್ತು."

ಕಿರಿಯವಳು ನನಗೆ ಹೇಳಿದಳು, "ಎರಡು ತಾಸು ಅಂತ ಹೇಳಿ ಅವ್ರಿಗೆ."

ಹೋಗಿ ಹೇಳಿದೆ. ಬೆಲ್ಲ ಎಷ್ಟು ಅಂತ ಕೇಳಿದರು. ಬಂದು ಕೇಳಿದೆ. ಹೋಗಿ ಹೇಳಿದೆ. ಹೂರಣ ನೀರಾಗಿದೆ, ಏನು ಮಾಡಬೇಕು ಅಂದರು. ನಾನು ಎರಡು ಮನೆಗಳ ನಡುವಿನ ಜಗುಲಿಯ ಮೇಲೆ ಕೂತುಬಿಟ್ಟೆ. "ಅಮ್ಮಾ, ನನ್ನ ಮಂಡಿ ನೋಯ್ತಿದೆ. ಕಿಟಕಿ ಎರಡೂ ಎದುರುಬದುರು ಇದಾವೆ. ನೀವೇ ಮಾತಾಡ್ಕೊಳ್ಳಿ."

ಈಚೆ ಮನೆಯಲ್ಲಿ ವಿಡಿಯೋ ನಿಂತಿತು. ಆಮೇಲೆ ಕಿರಿಯವಳು ಅಂದಳು, "ಅಕ್ಕಾ, ಹೂರಣಾನ ಇನ್ನೊಂದ್ಸಲ ಸಣ್ಣ ಉರೀಲಿ ಇಟ್ಟು ಕೆದಕಿ. ಗಟ್ಟಿಯಾಗ್ತದೆ."

ಆ ದಿನ ಎರಡೂ ಮನೆಯ ಹೋಳಿಗೆ ತಿಂದು ಬಸ್ಸು ಹತ್ತಿದೆ. ಒಂದು ಒಳ್ಳೇ ಕೆಲಸವಾಯಿತು ಅನ್ನಿಸಿತ್ತು. ಎರಡು ತಿಂಗಳಾದ ಮೇಲೆ ಹಿರಿಯವರು ಫೋನ್ ಮಾಡಿ ದನಿ ತಗ್ಗಿಸಿ ಕೇಳಿದರು, "ಅವ್ಳು ಈಗ ದಿನಾ ನನ್ನ ಅಡಿಗೆಮನೇಲೇ ಬಂದು ಕೂತು ಮಧ್ಯಾಹ್ನದವರೆಗೂ ಮಾತಾಡ್ತಾಳೆ ಕಣಮ್ಮಾ. ಮುಂಚಿನಂಗೆ ಬರೀ ಸ್ಪೀಕರಲ್ಲಿ ಬರೋ ಹಂಗೆ ಮಾಡಕ್ಕಾಗ್ತದಾ?"

ಕೇಳಿಸದ ಮಾತು

ಅಜ್ಜಂಪುರದಲ್ಲಿ ಒಬ್ಬ ಹುಡುಗಿ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳುತ್ತಾಳೆ. ಅದಕ್ಕೆಂದೇ ನಾನು ಕಂಪ್ಯೂಟರ್ ಜೋಡಿಸಿ ಕೊಟ್ಟು ಇಪ್ಪತ್ತು ದಿನವಾಗಿತ್ತು. ಒಂದು ಶನಿವಾರ ಅವಳ ಅಪ್ಪ ಫೋನ್ ಮಾಡಿದರು. ಅರಸೀಕೆರೆ ಕಡೆಯ ಸಂಬಂಧ ಬಂದಿದೆ, ಹುಡುಗನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾರೆ, ಪ್ರಯಾಣ ಮಾಡುವಂತಿಲ್ಲ, ಆದರೆ ಹುಡುಗಿಯನ್ನು ತಾನು ನೋಡದೆ ಮಾತು ಮುಂದುವರಿಯಬಾರದು ಅಂತ ಹಟ ಹಿಡಿದಿದ್ದಾರೆ. ಅದಕ್ಕೆ ಭಾನುವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ಹೆಣ್ಣು ನೋಡುವ ಶಾಸ್ತ್ರ. "ದೊಡ್ಡ ಸ್ಪೀಕರ್ ತಂದೆ, ಸೌಂಡ್ ಬರ್ತಿಲ್ಲ. ನೀವು ಬರಲೇಬೇಕು."

ಭಾನುವಾರದ ರೈಲು ತಡವಾಗಿ ಬಂತು. ತಿಂಡಿಯಿಲ್ಲದೆ ಹೋಗಿ ಮುಟ್ಟುವಾಗ ಹನ್ನೊಂದಾಗಲು ಹತ್ತು ನಿಮಿಷ. ಅಪ್ಪ, ಅಮ್ಮ, ಅಪ್ಪನ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ, ಮೂವರೂ ಹೊಸ ಬಟ್ಟೆಯಲ್ಲಿ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹುಡುಗಿ ನಡುವೆ. ನಾನು ಟೇಬಲ್ಲಿನ ಅಡಿಗೆ ತೂರಿದೆ. ಅಷ್ಟರಲ್ಲಿ ಆ ಕಡೆಯವರೇ ಮೊದಲು ಕರೆ ಮಾಡಿಬಿಟ್ಟರು. ಇವರು ಒತ್ತಿದರು. ತಲೆ ಹೊರಗೆ ಹಾಕಿ ಒಂದು ಸಲ ನೋಡಿದೆ. ಪರದೆಯ ಮೇಲೆ ಹುಡುಗ, ಅವನ ಅಪ್ಪ, ದಿಂಬಿಗೆ ಒರಗಿದ ಅಜ್ಜಿ. ಬಾಯಿ ಆಡುತ್ತಿದೆ, ಸದ್ದಿಲ್ಲ.

"ಕೇಳಿಸ್ತಿಲ್ವಲ್ಲ" ಅಂದರು ಅಮ್ಮ.

"ನಮಗೆ ಅವ್ರ ಮಾತು ಕೇಳಲ್ಲ ಅಂದ್ರೆ ಅವ್ರಿಗೂ ನಮ್ದು ಕೇಳಲ್ಲ. ನಗ್ತಾ ಕೂತಿರಿ ಎಲ್ರೂ" ಅಂದರು ಅತ್ತೆ.

ನಾನು ಅಡಿಯಿಂದಲೇ ಹೇಳಿದೆ, "ಹಂಗಲ್ಲ ಅಮ್ಮಾ, ಕ್ಯಾಮೆರಾದಲ್ಲೇ ಬೇರೆ ಮೈಕ್ ಇರುತ್ತೆ, ಅದು..."

"ನೀನು ನಿನ್ ಕೆಲ್ಸ ನೋಡಮ್ಮಾ" ಅಂದರು ಅತ್ತೆ.

ಸರಿ ಅಂತ ನೋಡತೊಡಗಿದೆ. ವೈರುಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡಿದ್ದವು. ಮೇಲೆ ಮೂವರೂ ಕೈಮುಗಿದುಕೊಂಡು, ಹಲ್ಲು ಬಿಟ್ಟುಕೊಂಡು ಮಾತಾಡುತ್ತಿದ್ದರು.

"ಹುಡುಗನ ಮೂಗು ಫೋಟೋದಲ್ಲಿ ಇಷ್ಟುದ್ದ ಇರ್ಲಿಲ್ಲ" ಅಂದರು ಅತ್ತೆ.

"ಹಿಂದಿನ ಗೋಡೇಲಿ ಸುಣ್ಣ ಎದ್ದೋಗಿದೆ ನೋಡಿ. ಹೆಣ್ಣು ನೋಡೋ ದಿನಾನಾದ್ರೂ ಬಳಿಸಬಾರ್ದಾ" ಅಂದರು ಅಮ್ಮ.

"ಅಜ್ಜಿಗೆ ಯಾಕಿಷ್ಟು ಆತುರ ಅಂತ ಈಗ ಗೊತ್ತಾಯ್ತು. ಇವ್ಳ ಕೈಲಿ ಕಾಲು ಒತ್ತಿಸ್ಕೊಳಕ್ಕೆ" ಅಂದರು ಅಪ್ಪ.

ಪರದೆಯ ಮೇಲೆ ಹುಡುಗನ ಅಪ್ಪ ಎರಡೂ ಕೈ ಎತ್ತಿ ಜೋರಾಗಿ ಆಡಿಸಿದರಂತೆ. ಇವರು ಅದನ್ನು ನಮಸ್ಕಾರ ಅಂದುಕೊಂಡು ಇನ್ನೊಂದು ಸಲ ಕೈಮುಗಿದರು. ಹುಡುಗ ತನ್ನ ಕಿವಿ ಮುಟ್ಟಿ ಮುಟ್ಟಿ ತೋರಿಸಿದನಂತೆ.

"ನೋಡ್ದಾ, ಕಿವಿ ತೋರಿಸ್ತಾನೆ" ಅಂದರು ಅತ್ತೆ. "ಹುಡುಗಿ ಕಿವಿಗೆ ಏನ್ ಹಾಕ್ತೀರಿ ಅಂತ. ಈಗ್ಲೇ ಶುರು ಹಚ್ಕೊಂಡ್ರು."

"ಸೌಂಡ್ ಬಂದ್ಮೇಲೆ ಯಾರೂ ಏನೂ ಬಾಯಿ ಬಿಡಬೇಡಿ" ಅಂದರು ಅಪ್ಪ. "ಎಂಟು ಗಂಟೆ ತನಕ ಮಲಗ್ತಾಳೆ ಅನ್ನೋದು ಬೇಡ. ಉಪ್ಪಿಟ್ಟು ಇವ್ಳೇ ಮಾಡಿದ್ದು ಅನ್ನಿ. ಮದುವೆ ಆದ್ಮೇಲೂ ಟ್ಯೂಷನ್ ಮಾಡ್ತೀನಿ ಅಂತಾಳಲ್ಲ, ಅದನ್ನ ನಿಶ್ಚಯ ಮುಗಿದ್ಮೇಲೆ ನಿಧಾನಕ್ಕೆ ಹೇಳಣ."

ಆಗ ಹುಡುಗಿ ಮೊದಲ ಸಲ ಬಾಯಿ ತೆಗೆದಳು. ಕ್ಯಾಮೆರಾದ ಕಡೆಗೇ ನೋಡಿಕೊಂಡು, ಪಾಠ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಿಧಾನಕ್ಕೆ ಬೇಡಪ್ಪ. ನಾನು ಟ್ಯೂಷನ್ ಬಿಡಲ್ಲ. ಅದನ್ನ ಒಪ್ಪಿದ್ರೆ ಮದುವೆ, ಇಲ್ಲಾಂದ್ರೆ ಇಲ್ಲ. ಅಡಿಗೇನೂ ಬರಲ್ಲ, ಕಲೀತೀನಿ."

ಅಷ್ಟರಲ್ಲಿ ನನಗೆ ಸಿಕ್ಕಿತು. ಸ್ಪೀಕರಿನ ವೈರನ್ನು ಹಸಿರು ತೂತಿಗೆ ಹಾಕುವ ಬದಲು ಗುಲಾಬಿ ತೂತಿಗೆ ಹಾಕಿದ್ದರು. ಕಿತ್ತು ಸರಿಯಾಗಿ ಹಾಕಿದೆ. ದೊಡ್ಡ ಸ್ಪೀಕರು, ಸೌಂಡ್ ಬೇರೆ ಪೂರ್ತಿ ಏರಿಸಿಟ್ಟಿದ್ದರು. ಅಜ್ಜಿಯ ದನಿ ಇಡೀ ಮನೆಗೆ ಕೇಳಿಸಿತು.

"...ಕಾಲು ಒತ್ತಕ್ಕೆ ನರ್ಸಮ್ಮ ಬತ್ತಾಳೆ ಕಣ್ರೀ, ನಿಮ್ಮುಡುಗಿ ಬೇಕಿಲ್ಲ. ಆಗ್ಲಿಂದ ನಿಮ್ ಮಾತೆಲ್ಲ ಕೇಳಿಸ್ತದೆ ಅಂತ ಕೈ ಆಡ್ಸಿ ಆಡ್ಸಿ ನನ್ ಮಗನ ರಟ್ಟೆ ಬಿದ್ದೋಯ್ತು."

ನಾನು ಟೇಬಲ್ಲಿನ ಅಡಿಯಿಂದ ಹೊರಗೆ ಬರಲಿಲ್ಲ. ಅಲ್ಲೇ ಇರುವುದು ಒಳ್ಳೆಯದು ಅನ್ನಿಸಿತು. ನನ್ನ ಮುಂದಿದ್ದ ಎಂಟು ಕಾಲುಗಳಲ್ಲಿ ಒಂದೂ ಅಲುಗಲಿಲ್ಲ.

ಅಜ್ಜಿ ಒಂದೊಂದಕ್ಕೇ ಉತ್ತರ ಹೇಳಿದರು. "ಮೂಗು ನಮ್ ಮನೆತನದ್ದು. ನಂದೂ ಹಂಗೇ ಐತೆ, ಹತ್ರ ತತ್ತೀನಿ, ಸರಿಯಾಗಿ ನೋಡ್ಕೊಳ್ಳಿ." ತಂದರು. ಪರದೆ ತುಂಬ ಬರೀ ಮೂಗೇ ಕಾಣಿಸಿತು ಅಂತ ಆಮೇಲೆ ಹುಡುಗಿ ಹೇಳಿದಳು. "ಗೋಡೆಗೆ ಸುಣ್ಣ ಬರೋ ತಿಂಗ್ಳು ಬಳಿಸ್ತೀವಿ. ನಿಮ್ಮುಡುಗಿ ಎಂಟಕ್ಕೆ ಏಳ್ತಾಳೆ ಅಂದ್ರಿ, ನಮ್ಮುಡುಗ ರಜಾ ದಿನ ಒಂಬತ್ತಕ್ಕೆ ಏಳ್ತಾನೆ. ಟ್ಯೂಷನ್ ಮಾಡ್ಲಿ, ಯಾರು ಬೇಡ ಅಂದ್ರು. ಅವ್ಳೊಬ್ಳೇ ಅಲ್ಲಿ ನೆಟ್ಟಗೆ ಮಾತಾಡ್ದೋಳು. ಅದಕ್ಕೇ ನನಗೆ ಒಪ್ಪಿಗೆ ಆಯ್ತು."

ಹುಡುಗನೂ ಒಪ್ಪಿದ. ಅವನಿಗೆ ಬೇರೆ ಏನಾದರೂ ಹೇಳಲು ಅಜ್ಜಿ ಬಿಟ್ಟಿದ್ದರೆ ತಾನೇ.

ಅತ್ತೆ ಎದ್ದು ಒಳಗೆ ಹೋಗಿ ಸಾಯಂಕಾಲದವರೆಗೂ ಹೊರಗೆ ಬರಲಿಲ್ಲವಂತೆ. ನನಗೆ ಅಮ್ಮ ಉಪ್ಪಿಟ್ಟು ಕೊಟ್ಟರು, ತಾವೇ ಮಾಡಿದ್ದು ಅಂತ ಕೇಳದಿದ್ದರೂ ಹೇಳಿದರು. ಹುಡುಗಿ ಸ್ಟೇಷನ್ನಿನವರೆಗೆ ನನ್ನ ಬ್ಯಾಗು ಹಿಡಿದುಕೊಂಡು ಬಂದಳು. ದಾರಿಯಲ್ಲಿ ನನಗೊಂದು ಅನುಮಾನ ಬಂತು.

"ಅಲ್ಲ ಕಣೇ, ದಿನಾ ಇದರಲ್ಲೇ ಪಾಠ ಮಾಡ್ತೀಯ. ಮೈಕ್ ಆನ್ ಇದೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಮೇಡಂ."

"ಮತ್ತೆ ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ" ಅಂದಳು ಅವಳು, "ನಮ್ಮನೆಯವ್ರು ಸುಳ್ಳು ಹೇಳಕ್ಕೆ ಶುರು ಮಾಡ್ತಿದ್ರಲ್ಲ."